ಸೀನೀರ ಬಾವಿಯ ಚಹಾ

ಶ್ರಾವಣದ ಒಂದು ಗುರುವಾರ, ಬೆಳಗ್ಗೆ ಹತ್ತೂಕಾಲು. ಯಾದಗಿರಿಯಿಂದ ಸುರಪುರಕ್ಕೆ ಹೋಗುವ ದಾರಿ, ದೋರನಹಳ್ಳಿ ದಾಟಿ ಶಹಾಪುರ ಇನ್ನೂ ಮುಂದಿರುವಾಗ ರಸ್ತೆ ಬದಿಯ ಒಂದು ಚಹಾದಂಗಡಿ. ಹಾಜರಿದ್ದವರು ನಾನು, ಕಾರು ಓಡಿಸುತ್ತಿದ್ದ ನನ್ನ ತಂಗಿಯ ಮಗಳು ಸುಮಾ, ಮತ್ತು ಅಂಗಡಿ ನಡೆಸುವ ಹೆಂಗಸು. ಮಧ್ಯಾಹ್ನದ ಊಟಕ್ಕೆ ಸುರಪುರದಲ್ಲಿರಬೇಕಿತ್ತು. ದಾರಿಯಲ್ಲಿ ನಿಲ್ಲುವುದು ನನ್ನ ಯೋಜನೆಯಲ್ಲಿ ಇರಲಿಲ್ಲ. ಸುಮಾಳಿಗೆ ತೂಕಡಿಕೆ ಬಂದದ್ದರಿಂದ ನಿಂತೆವು.

ಒಲೆಯ ಮೇಲಿನ ಪಾತ್ರೆಯಿಂದ ಒಂದು ವಾಸನೆ ಬಂತು. ಹುಳಿಯೂ ಅಲ್ಲದ, ಸೀದದ್ದೂ ಅಲ್ಲದ ವಾಸನೆ. ಮೂಗು ನೆನಪಿಟ್ಟುಕೊಂಡದ್ದನ್ನು ತಲೆ ಆಮೇಲೆ ಹುಡುಕುತ್ತದೆ. ಅಂಗಡಿಯವಳು ಪಾತ್ರೆಯೊಳಗೆ ಇಣುಕಿ ನಾಲಿಗೆ ಲೊಚಗುಟ್ಟಿದಳು.

"ಹಾಲು ಒಡದಾವ್ರಿ ಅಮ್ಮಾರ. ಕ್ಯಾನಿನ ನೀರು ಮುಗದಿದ್ವು, ಬೋರಿನ ನೀರು ಹಾಕಿದ್ನಿ. ಈಗ ಬ್ಯಾರೆ ಮಾಡಿ ಕೊಡ್ತೀನಿ, ಕುಂದರ್ರಿ."

ನೀರಿನಿಂದ ಹಾಲು ಒಡೆಯುತ್ತದೆ ಎಂಬುದು ಈಗ ಅವಳಿಗೆ ಕಣ್ಣು ಮಿಟುಕಿಸುವಷ್ಟು ಸುಲಭದ ಮಾತು. ಇದೇ ಜಾಗದಲ್ಲಿ, ಕಾಲುವೆ ಬಂದ ಹೊಸದರಲ್ಲಿ, ಆ ಮಾತು ಗೊತ್ತಿಲ್ಲದ್ದಕ್ಕೆ ಒಬ್ಬ ಹೆಣ್ಣುಮಗಳ ಬದುಕೇ ಸಂತೆಗೆ ಹೋಗಲು ನಿಂತಿತ್ತು. ನಾನು ಎದ್ದು ಅಂಗಡಿಯ ಹಿಂದೆ ಹೋದೆ. "ದೊಡ್ಡಮ್ಮ, ಟೈಮ್ ನೋಡಿ!" ಎಂದು ಸುಮಾ ಕೂಗಿದಳು. ಹಿಂದೆ ಬಾವಿ ಇದ್ದಲ್ಲಿ ಕಲ್ಲು ಚಪ್ಪಡಿ ಮುಚ್ಚಿತ್ತು. ಪಕ್ಕದಲ್ಲಿ ಅದೇ ನಾಗರಕಲ್ಲು. ಅದರ ಮೇಲೆ ಪಂಚಮಿಯ ಹಾಲು ಒಣಗಿ ಬೆಳ್ಳಗೆ ಗೆರೆ ಬಿದ್ದಿತ್ತು.

ನಾನು ಇಲ್ಲಿಗೆ ಬಂದದ್ದು ಕಾಲುವೆ ಕೆಲಸದವರ ಕ್ಯಾಂಪಿನ ದವಾಖಾನೆಗೆ ನರ್ಸ್ ಆಗಿ. ಆಗ ಇದು ಗುಲಬರ್ಗಾ ಜಿಲ್ಲೆ. ಮೈಸೂರಿನಲ್ಲಿ ನರ್ಸಿಂಗ್ ಕಲಿತವಳು. ನಮ್ಮ ಮೇಟ್ರನ್ ಹಾಸಿಗೆಯ ಚಾದರದ ಮೂಲೆ ಸರಿಯಿಲ್ಲದಿದ್ದರೆ ಇಡೀ ವಾರ್ಡಿನ ಚಾದರ ಕೀಳಿಸಿ ಮತ್ತೆ ಹಾಸಿಸುತ್ತಿದ್ದವರು. ಏಳುವ ಹೊತ್ತು, ಸೂಜಿ ಕುದಿಸುವ ಹೊತ್ತು, ಕಾಫಿಯ ಹೊತ್ತು ಎಲ್ಲವೂ ಅಲ್ಲಿಂದ ಬಂದದ್ದೇ. ಕ್ಯಾಂಪಿನಲ್ಲಿ ಯಾವುದಕ್ಕೂ ಹೊತ್ತಿರಲಿಲ್ಲ. ಬಂಡೆ ಸಿಡಿಸುವ ಮೊದಲು ಊದುವ ಸೀಟಿ ಯಾವಾಗ ಬೇಕಾದರೂ ಕೇಳುತ್ತಿತ್ತು. ಟಿಪ್ಪರುಗಳ ಧೂಳು, ಆಷಾಢದ ಗಾಳಿ, ತಗಡಿನ ಮಾಡಿನ ಬಡಿತ. ವರ್ಗಾವಣೆ ಕೇಳಿದ್ದೆ, ಉತ್ತರ ಬಂದಿರಲಿಲ್ಲ. ಪ್ರತಿ ಸಂಜೆ ಬಸ್ಸಿನ ಸದ್ದಿಗೆ ಕಿಟಕಿಗೆ ಹೋಗುವುದು, ತಿರುಗಿ ಬರುವುದು. ಕೂತಲ್ಲಿ ಕೂರಲಾಗದ ಆ ದಿನಗಳಲ್ಲಿ ನನಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಎರಡೇ: ತಾಯಿಮನೆಯಿಂದ ತಂದ ಹಿತ್ತಾಳೆಯ ಕಾಫಿ ಫಿಲ್ಟರು, ಮತ್ತು ಈಗ ಈ ಅಂಗಡಿ ಇರುವ ಜಾಗದಲ್ಲೇ ಇದ್ದ ಶರಣಪ್ಪನ ಹೋಟೆಲಿನ ಚಹಾ.

ಮೊದಲು ನಾನು ಚಹಾ ಕುಡಿಯುವವಳಲ್ಲ. ಚಹಾ ಎಂದರೆ ಕಾಫಿ ಸಿಗದವರ ಪಾನೀಯ ಎಂಬುದು ನಮ್ಮ ಕಡೆಯ ತಿಳಿವಳಿಕೆ. ಅದನ್ನು ಬಿಡಿಸಿದವಳು ಮಲ್ಲಮ್ಮ. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಕಟ್ಟಿಕೊಂಡು, ಬೆಳಗಿನ ಹಾಲು ಶರಣಪ್ಪನ ಹೋಟೆಲಿಗೆ ಹಾಕಿ, ಉಳಿದದ್ದನ್ನು ದವಾಖಾನೆಗೆ ತರುತ್ತಿದ್ದಳು. ಒಂದು ದಿನ ನನ್ನ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮುಖ ಹಿಂಡಿದಳು.

"ಹುರದ ಜ್ವಾಳದ ಕಷಾಯ ಇದ್ದಂಗ ಐತ್ರಿ ಬಾಯಾರ. ಯಾರಿಗಿ ಜ್ವರ ಬಂದಾವ?"

"ಜ್ವರ ಬಂದವರಿಗಲ್ಲ ಮಲ್ಲಮ್ಮ, ಇದು ನಾವು ದಿನಾ ಕುಡಿಯೋದು."

"ದಿನಾ! ಯವ್ವಾ, ಪಾಪ. ಬರ್ರಿ, ನಮ್ಮಣ್ಣನ ಹೋಟ್ಲಿಗಿ ಕರಕೊಂಡು ಹೋಗ್ತೀನಿ."

ಶರಣಪ್ಪ ಅವಳ ಒಡಹುಟ್ಟಿದವನಲ್ಲ. ಅವಳ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಯಾವುದೋ ಒಂದು ಪಂಚಮಿಗೆ ಅವಳು ನಾಗಪ್ಪನಿಗೆ ಹಾಲೆರೆಯುತ್ತ "ಅಣ್ಣನ ಪಾಲು" ಎಂದು ಹೇಳಲಾಗದೆ ನಿಂತದ್ದನ್ನು ನೋಡಿ ಈತ, "ನಂದ ಹೆಸರು ಹೇಳವಾ, ನಾ ಅದೀನಿ" ಎಂದನಂತೆ. ಅಂದಿನಿಂದ ಪ್ರತಿ ಪಂಚಮಿಗೆ ಅವಳಿಗೆ ಆತ ಕುಬಸದ ಖಣ ಕೊಡುವುದು, ಅವಳು ಆತನ ಪಾಲಿನ ಹಾಲೆರೆಯುವುದು ನಡೆದುಬಂದಿತ್ತು.

ಶರಣಪ್ಪ ಹುಡುಗನಾಗಿದ್ದಾಗ ಹೈದರಾಬಾದಿನ ಇರಾನಿ ಹೋಟೆಲಿನಲ್ಲಿ ಕೆಲಸ ಕಲಿತವನು. ಅವನ ಚಹಾ ಒಂದು ಶಿಸ್ತು ಎಂಬುದು ನನಗೆ ಮೊದಲ ದಿನವೇ ತಿಳಿಯಿತು. ನೀರು ಕುದಿದು ಸುಮ್ಮನಾದ ಮೇಲೆ ಪುಡಿ. ಪುಡಿ ಬಿದ್ದ ಮೇಲೆ ಅದನ್ನು ಕುದಿಸಿದರೆ ಕಹಿ ಮಾತ್ರ ಬರುತ್ತದೆ, ಸುವಾಸನೆ ಹಾರುತ್ತದೆ. ಹಾಗಾಗಿ ಮುಚ್ಚಳದ ಸುತ್ತ ಒದ್ದೆ ಬಟ್ಟೆ ಬಿಗಿದು ಕೆಂಡದ ಮೇಲೆ ದಮ್ ಕೊಡುವುದು. ಹಾಲು ಬೇರೆ ಒಲೆಯಲ್ಲಿ, ಕೆನೆ ಗೋಡೆಗೆ ಅಂಟದಂತೆ ಸೌಟಿನಿಂದ ಎತ್ತಿ ಹೊಯ್ಯುತ್ತ ಅರ್ಧಕ್ಕೆ ಇಳಿಸುವುದು. ಕೊನೆಗೆ ಎರಡನ್ನೂ ಕೂಡಿಸಿ ಒಂದೇ ಒಂದು ಕುದಿ. ಗಿರಾಕಿ ಕುಡಿಯುವುದು ಬಸಿಯಲ್ಲಿ. ಬಸಿಯಲ್ಲಿ ಹೊಯ್ದರೆ ಬಣ್ಣ ಕಾಣುತ್ತದೆ, ಬಿಸಿ ಆರುತ್ತದೆ, ಮೂಗು ಹತ್ತಿರವಾಗುತ್ತದೆ. ನನ್ನ ಫಿಲ್ಟರಿನ ಕಾಫಿಗೂ ಇದಕ್ಕೂ ಇದ್ದ ಸಂಬಂಧ ಆಗ ಹೊಳೆಯಿತು: ಎರಡೂ ಕಡೆ ಆತುರಪಡುವವನಿಗೆ ರುಚಿ ಇಲ್ಲ.

"ಪುಡಿ ಯಾವ ಅಂಗಡಿದು ಶರಣಪ್ಪ?" ಎಂದು ಕೇಳಿದ್ದೆ.

ಆತ ಹೋಟೆಲಿನ ಹಿಂದಕ್ಕೆ ಗದ್ದ ತಿರುಗಿಸಿದ. "ಪುಡಿ ಎಲ್ಲಾ ಕಡಿ ಸಿಗತೈತ್ರಿ. ಆ ನೀರು ಎಲ್ಲಿ ಸಿಗತೈತಿ? ನಮ್ಮಪ್ಪ ಕಡಿಸಿದ ಬಾವಿ. ಸುತ್ತ ಹಳ್ಳಿ ಎಲ್ಲಾ ಸವಳು, ಇದೊಂದ ಸೀನೀರು. ಸುರಪುರದಿಂದ ಇಲ್ಲಿ ತನಕ ಡ್ರೈವರ್ ಮಂದಿ ಬಾಯಿ ಕಟ್ಟಿಕೊಂಡು ಬರ್ತಾರ, ಇಲ್ಲೇ ಕುಡೀಬೇಕಂತ."

ಊರಿನವರು, ಕ್ಯಾಂಪಿನವರು, ದವಾಖಾನೆಯವರು ಎಲ್ಲರೂ ಕುಡಿಯಲು ಆ ನೀರನ್ನೇ ಒಯ್ಯುತ್ತಿದ್ದರು. ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಊರೆಲ್ಲ ಏರಿಯ ಮೇಲೆ ನಿಂತು ಕಾಯಿ ಒಡೆದಾಗ ಶರಣಪ್ಪನೂ ಹಾರ ಹಾಕಿದ. ಒಂದು ಬೆಳೆ ಕಳೆಯುವುದರೊಳಗೆ ಬಾವಿಯ ನೀರು ಮೇಲೇರಿತು. ಮಳೆ ಹಿಡಿದ ಮೇಲೆ ಬಗ್ಗಿದರೆ ಕೊಡಕ್ಕೆ ಸಿಗುವಷ್ಟು. "ಕಾಲುವಿ ಬಂದು ನಮ್ಮ ಬಾವಿನೂ ತುಂಬಸ್ತು" ಎಂದು ಆತ ಗಿರಾಕಿಗಳಿಗೆ ತೋರಿಸುತ್ತಿದ್ದ.

ಆ ಆಷಾಢದಲ್ಲಿ ನಾನು ರಜೆ ಹಾಕಿ ಮೈಸೂರಿಗೆ ಹೋದೆ. ವರ್ಗಾವಣೆಯ ಬಗ್ಗೆ ಕಚೇರಿಯಲ್ಲಿ ವಿಚಾರಿಸಿ, ಏನೂ ಆಗದೆ, ಕಾಫಿಪುಡಿ ಕಟ್ಟಿಸಿಕೊಂಡು, ಪಂಚಮಿಯ ಹಿಂದಿನ ದಿನ ವಾಪಸು ಬಂದೆ. ಬಂದವಳೇ ಕಾಫಿ ಮಾಡಿದೆ. ಬಾಯಿಗೆ ಹಚ್ಚಿದರೆ ಮಂದ, ಚಪ್ಪಟೆ, ನಾಲಿಗೆಯ ಬದಿಯಲ್ಲಿ ಏನೋ ಹಿಡಿದುಕೊಳ್ಳುವಂಥದ್ದು. ಚಿಕೋರಿ ಜಾಸ್ತಿ ಬೆರೆಸಿದ್ದಾನೆ ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಲೋಟ ಚೆಲ್ಲಿ, ಕಿಟಕಿಗೆ ಹೋಗಿ, ತಿರುಗಿ ಬಂದೆ.

ಮಲ್ಲಮ್ಮ ಹಾಲು ತಂದಳು, ಕೂರಲಿಲ್ಲ. ಮುಖ ಬಾಡಿತ್ತು.

"ಅಣ್ಣ ನನ್ನ ಹಾಲು ನಿಲ್ಲಿಸ್ಯಾನ್ರಿ. ಚಾ ಒಡೀತದಂತ. ನಾ ಏನೋ ಬೆರಸ್ತೀನಂತ. ಗಿರಾಕಿಗಳ ಮುಂದ ಅಂದ. ಸೋಡಾ ಹಾಕ್ತಾಳಂತ, ಹಳೇ ಹಾಲು ಕೂಡಸ್ತಾಳಂತ."

"ನೀನೇನು ಹೇಳಿದೆ?"

"ನಾ ಏನ್ ಹೇಳ್ಲಿ? ಚರಿಗಿ ಎತ್ತಿಕೊಂಡು ಬಂದ್ನಿ." ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ನಿಂತಳು. "ಕಳ್ಳಿ ಅಂತ ಹೆಸರು ಬಿದ್ದ ಮ್ಯಾಲ ಊರಾಗ ಯಾರ್ ಹಾಲು ತಗೋತಾರ್ರಿ? ಪಂಚಮಿ ಮುಗದ ಮರುದಿನ ಶಹಾಪುರ ಸಂತಿ ಐತಿ. ಮೈದುನ ಎಮ್ಮಿಗಿ ಗಿರಾಕಿ ಹಚ್ಯಾನ. ಮಾರಿ, ಕಾಲುವಿ ಗ್ಯಾಂಗಿನಾಗ ಕಲ್ಲು ಹೊರಾಕ ಹೋಗ್ತೀನಿ. ಗ್ಯಾಂಗ್ ಮುಂದಿನೂರಿಗಿ ಹೊಂಟೈತಿ."

ಗ್ಯಾಂಗಿನ ಹೆಂಗಸರ ಕಾಲು, ಬೆನ್ನು, ಕೂಸುಗಳನ್ನು ದಿನಾ ನೋಡುವವಳು ನಾನು. ತಕ್ಷಣ ಹೊರಟೆ. ದವಾಖಾನೆಯ ಕಪಾಟಿನಲ್ಲಿ ಹಾಲು ಅಳೆಯುವ ಗಾಜಿನ ಮಾಪಕವೊಂದಿತ್ತು. ಮಲ್ಲಮ್ಮ ಆಗಷ್ಟೇ ಹಿಂಡಿದ ಹಾಲಿನ ಜೊತೆ ಅದನ್ನೂ ಹಿಡಿದು ಹೋಟೆಲಿಗೆ ಹೋದೆ. ಗಿರಾಕಿಗಳ ಎದುರೇ ಮಾಪಕ ಇಳಿಬಿಟ್ಟು ತೋರಿಸಿದೆ. ಹಾಲು ಗಟ್ಟಿಯಾಗಿತ್ತು, ನೀರಿಲ್ಲ.

ಶರಣಪ್ಪ ಮಾಪಕವನ್ನು ಬೆಳಕಿಗೆ ಹಿಡಿದು ನೋಡಿದ, ನನ್ನ ಕೈಗೆ ಮರಳಿ ಕೊಟ್ಟ. "ಬಾಯಾರ, ಗಾಜಿನ ಕಡ್ಡಿ ನೀರು ಹೇಳೀತು. ಸೋಡಾ ಹೇಳತೈತೇನು? ಇವತ್ತು ನಿಮ್ಮ ಮುಂದ ಛಲೋ ಹಾಲು ಕೊಡ್ತಾಳ. ನಾಳಿ?"

"ಈಗ ಯಾರ ಹಾಲು ತಗೋತಿದ್ದೀಯ?"

"ಮ್ಯಾಲಿನ ಓಣಿ ಗೌಳಿಗೇರದು. ಅವರದೂ ಒಡೀತದ." ಆತ ಧ್ವನಿ ಇಳಿಸಿದ. ಕೋಪಕ್ಕಿಂತ ದಣಿವು ಹೆಚ್ಚಿತ್ತು. "ಕಾಲುವಿ ಬಂದ ಮ್ಯಾಲ ಮಂದಿ ಕೆಟ್ಟಾರ್ರಿ. ಕೈಯಾಗ ರೊಕ್ಕ ಆಡಾಕತ್ತೈತಿ, ಎಲ್ಲಾರೂ ಬೆರಕಿ ಕಲ್ತಾರ. ಆದ್ರ ಮಲ್ಲಮ್ಮ ಕಲೀತಾಳಂತ ನಾ ಅಂದುಕೊಂಡಿರಲಿಲ್ಲ."

ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದ. ಪಾತ್ರೆಗೆ ಹೊಸ ಕಲಾಯಿ ಹಾಕಿಸಿದ್ದ. ಪುಡಿಯ ಅಂಗಡಿ ಬದಲಿಸಿದ್ದ. ಹಾಲಿನವರನ್ನು ಬದಲಿಸಿದ್ದ. ಡ್ರೈವರುಗಳು ಶಹಾಪುರದ ಕಡೆಗೆ ಗಾಡಿ ನಿಲ್ಲಿಸದೆ ಹೋಗುವುದನ್ನು ನೋಡುತ್ತ, ಟೇಬಲ್ಲು ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಮರುದಿನ ಪಂಚಮಿ. ಬೇವಿನ ಮರಕ್ಕೆ ಜೋಕಾಲಿ ಬಿದ್ದಿದ್ದವು, ಓಣಿಯಲ್ಲಿ ಜೋಳದ ಅಳ್ಳು ಹುರಿದ ಘಮ. ಹೊಸ ಸೀರೆಯುಟ್ಟ ಹೆಂಗಸರು ಬಾವಿಯ ಪಕ್ಕದ ನಾಗರಕಲ್ಲಿಗೆ ಸಾಲಾಗಿ ಬಂದು ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತಿದ್ದರು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿಗೆ ಒಂದೊಂದು ಎರಕ. ಶರಣಪ್ಪ ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಮಡಿಸಿದ ಹಸಿರು ಖಣ. ಹಾಲು ನಿಲ್ಲಿಸಿದವನು ಖಣ ತರುವುದನ್ನು ನಿಲ್ಲಿಸಿರಲಿಲ್ಲ.

ಮಲ್ಲಮ್ಮನ ಸರದಿ ಬಂತು. ದೇವರ ಪಾಲು ಎರೆದಳು. ತೀರಿಕೊಂಡ ಅಪ್ಪ ಅವ್ವನ ಪಾಲು ಎರೆದಳು. ಗಂಡನ ಪಾಲು. ಎಮ್ಮೆಯ ಪಾಲು. "ದವಾಖಾನಿ ಬಾಯಾರ ಪಾಲು" ಎಂದು ನನ್ನದೂ ಎರೆದಳು. ಆಮೇಲೆ ಬಟ್ಟಲು ಕೆಳಗಿಟ್ಟು ಕಲ್ಲಿಗೆ ಹಣೆ ಹಚ್ಚಿ ಎದ್ದಳು. ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಟ್ಟಲಿನಲ್ಲಿ ಇನ್ನೂ ಹಾಲಿತ್ತು. ಅವಳು ಅದನ್ನು ತೆಗೆದುಕೊಂಡೇ ಹೋದಳು. ಶರಣಪ್ಪ ಒಳಗೆ ಹೋಗಿ ಖಣವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

ದವಾಖಾನೆಗೆ ಬಂದು ನಾನು ಕೆಲಸ ಹಿಡಿದೆ. ಮನಸ್ಸು ನಿಲ್ಲದಾಗ ಕೈಗೆ ಕೆಲಸ ಕೊಡುವುದು ಮೇಟ್ರನ್ ಕಲಿಸಿದ ಔಷಧ. ಆಗ ಗಾಜಿನ ಸಿರಿಂಜು, ಮರಳಿ ಬಳಸುವ ಸೂಜಿ. ದಿನಾ ಕುದಿಸಬೇಕು. ನಾನಿಲ್ಲದಾಗ ಆ ಕೆಲಸ ಆಯಾ ಮಾಡುತ್ತಿದ್ದಳು. ಪಾತ್ರೆಯ ಮುಚ್ಚಳ ತೆಗೆದೆ. ತಳದಲ್ಲಿ, ಬದಿಗಳಲ್ಲಿ, ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಎದ್ದು ಬಂತು.

"ಇದೇನಿದು? ಪಾತ್ರೆ ಉಜ್ಜಲಿಲ್ಲವಾ?"

ಆಯಾಳಿಗೆ ಸಿಟ್ಟು ಬಂತು. "ದಿನಾ ಉಜ್ಜೀನ್ರಿ. ಉಜ್ಜಿದಂಗ ಕೂಡತೈತಿ. ಸಾಬಾಣನೂ ಛಲೋ ಬರವಲ್ದು, ನೊರಿನ ಬರಂಗಿಲ್ಲ. ಬ್ಯಾಳಿ ನೋಡಿದ್ರ ಒಂದು ಹೊರಿ ಕಟ್ಟಿಗಿ ಉರದ್ರೂ ಬೇಯವಲ್ದು. ಕಿರಾಣಿಯವ ಹಳೀ ಬ್ಯಾಳಿ ಕೊಡಾಕತ್ತಾನ, ಅವನ ಹೊಟ್ಟಿ ಸೇದಿ ಹೋಗ್ಲಿ!"

ಪಾತ್ರೆ ನನ್ನ ಕೈಯಲ್ಲೇ ಇತ್ತು. ಸಾಬೂನಿಗೆ ಅಂಗಡಿಯವನು, ಬೇಳೆಗೆ ಕಿರಾಣಿಯವನು, ಕಾಫಿಗೆ ಮೈಸೂರಿನವನು, ಹಾಲಿಗೆ ಮಲ್ಲಮ್ಮ. ಎಲ್ಲರೂ ಒಬ್ಬೊಬ್ಬ ಮನುಷ್ಯನನ್ನು ಹಿಡಿದು ಬೈಯುತ್ತಿದ್ದೆವು. ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ, ಏನೂ ಬೆರೆಸದೆ, ಬಾಯಲ್ಲಿ ಹಿಡಿದು ನೋಡಿದೆ. ನಾಲಿಗೆಯ ಬದಿಗಳು ಬಿಗಿದವು. ಹಗುರಾದ ಉಪ್ಪು, ಅದರ ಹಿಂದೆ ಕಹಿ. ಇಲ್ಲೇ ಇದ್ದವರ ಬಾಯಿ ದಿನಕ್ಕಿಷ್ಟು ಒಗ್ಗಿಕೊಂಡು ಬಂದಿತ್ತು. ಊರು ಬಿಟ್ಟು ಹೋಗಿ ಬಂದವಳು ನಾನೊಬ್ಬಳೇ.

ಕಾಲುವೆಯ ಇಂಜಿನಿಯರರ ಬಳಿ ಹೋದೆ. ಅವರು ಹಬ್ಬದೂಟ ಮುಗಿಸಿ ಹೊರಗೆ ಕೂತಿದ್ದರು. ಕೇಳಿದ್ದಕ್ಕೆ ಹೆಚ್ಚು ಯೋಚಿಸಲಿಲ್ಲ. ಕಪ್ಪು ನೆಲದ ಹೊಟ್ಟೆಯಲ್ಲಿ ಉಪ್ಪಿರುತ್ತದೆ, ಮೇಲೆ ನೀರು ನಿಂತರೆ ಒಳಗಿನ ನೀರು ಏರಿ ಉಪ್ಪನ್ನೂ ತರುತ್ತದೆ ಎಂದರು. "ಹೋಟೆಲಿನ ಹಿಂದಿನ ಹೊಲ ನೋಡಿ ಸಿಸ್ಟರ್, ಬೆಳ್ಳಗಾಗ್ತಾ ಇದೆ." ಹೌದು, ಆಗಿತ್ತು. ನಾವೆಲ್ಲ ಅದನ್ನು ಬಿಸಿಲು ಎಂದುಕೊಂಡಿದ್ದೆವು.

ಮರುದಿನ ಸಂತೆ. ಮಲ್ಲಮ್ಮ ಎಮ್ಮೆ ಹೊಡೆದುಕೊಂಡು ಹೊರಡುವ ಮೊದಲೇ ಆಗಬೇಕು. ಬೆಳಕು ಹರಿಯುತ್ತಲೇ ಕಾಲುವೆಯಿಂದ ಒಂದು ಕೊಡ ನೀರು ತರಿಸಿ, ಅರಿವೆ ಮಡಿಸಿ ಸೋಸಿ, ಕುದಿಸಿದೆ. ಮಲ್ಲಮ್ಮನ ಮನೆಗೆ ಹೋಗಿ ಅವಳ ಕಣ್ಣೆದುರೇ ಹಿಂಡಿದ ಹಾಲು ತೆಗೆದುಕೊಂಡೆ. "ಯಾಕ್ರಿ ಬಾಯಾರ, ಹೋಗೋ ದಿನಾನೂ ಹಾಲು?" ಎಂದಳು. "ಎಮ್ಮೆ ಹೊರಡಿಸಬೇಡ, ನಾನು ಬರುವವರೆಗೆ" ಎಂದು ಹೇಳಿ ಬಂದೆ. ಅವಳ ಮೈದುನ ಹಗ್ಗ ಹಿಡಿದು ಗೊಣಗಿದ.

ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳಿದ್ದರು. "ಶರಣಪ್ಪ, ಎರಡು ಒಲೆ ಖಾಲಿ ಮಾಡು" ಎಂದೆ.

"ಕ್ಯಾಂಪಿನ ಸರ್ಕಾರ ಬಂತಪ್ಪೋ" ಎಂದ ಒಬ್ಬ ಲಾರಿ ಡ್ರೈವರು.

ಒಂದು ಪಾತ್ರೆಗೆ ಬಾವಿಯ ನೀರು. ಇನ್ನೊಂದಕ್ಕೆ ಕಾಲುವೆಯ ನೀರು. ಅದು ಕಾಲುವೆಯದು ಎಂದು ತಿಳಿಯುತ್ತಲೇ ಗಲಾಟೆ ಎದ್ದಿತು.

"ಎಮ್ಮಿ ಮೈ ತೊಳಿಯೋ ನೀರಾಗ ಚಾ!"

"ಕುಡಿರಿ ಮಾಮಾ, ಹಾಲೂ ಅಲ್ಲೇ ಸಿಗತೈತಿ."

ಎರಡಕ್ಕೂ ಒಂದೇ ಪುಡಿ, ಒಂದೇ ಸಕ್ಕರೆ, ಎರಡಕ್ಕೂ ಮಲ್ಲಮ್ಮನದೇ ಹಾಲು. ಮಾಡಿದ್ದು ಶರಣಪ್ಪನ ಕೈ. ನಾನು ಸೌಟು ಮುಟ್ಟಲಿಲ್ಲ. ಹಾಲು ಕೂಡಿಸಿ ಕೊನೆಯ ಕುದಿ ಬಂದಾಗ ಎಲ್ಲರೂ ಕತ್ತು ಚಾಚಿದರು. ಬಾವಿ ನೀರಿನ ಪಾತ್ರೆಯಲ್ಲಿ ಅಂಚಿನಿಂದ ಕಣಕಣವಾಗಿ ಬಿಳುಪು ಎದ್ದು ನಡುವಿಗೆ ಬಂತು. ಅದೇ ವಾಸನೆ. ಪಕ್ಕದ ಪಾತ್ರೆ ಕೆಂಪಗೆ ಉಕ್ಕಿ ಇಳಿಯಿತು. ಶರಣಪ್ಪ ಅದನ್ನು ಬಸಿಗೆ ಹೊಯ್ದ. ಒಂದು ಕಣವಿಲ್ಲ.

ಶರಣಪ್ಪ ಅಷ್ಟಕ್ಕೇ ಬಿಡಲಿಲ್ಲ. ಗೌಳಿಗರ ಹಾಲನ್ನೂ ಹಾಗೇ ಎರಡರಲ್ಲಿ ಮಾಡಿದ. ಹಾಗೇ ಆಯಿತು.

ಆತ ಒಲೆ ಬಿಟ್ಟು ಹಿಂದೆ ಹೋದ. ನಾವು ಬಾಗಿಲಲ್ಲಿ ನಿಂತೆವು. ಬಾವಿಯ ಕಟ್ಟೆಯ ಮೇಲೆ ಮೊಣಕಾಲೂರಿ, ಬೊಗಸೆಯಲ್ಲಿ ನೀರು ಎತ್ತಿ ಕುಡಿದ. ನುಂಗಲಿಲ್ಲ, ಬಾಯಲ್ಲೇ ಇಟ್ಟುಕೊಂಡ. ಉಗುಳಿ, ಇನ್ನೊಂದು ಬೊಗಸೆ ಎತ್ತಿದ.

"ಇದು ನಮ್ಮಪ್ಪನ ಬಾವಿ ನೀರಲ್ರಿ" ಎಂದ.

"ಶರಣಪ್ಪ..."

"ಸವಳು ಆಗೈತಿ. ಯಾವಾಗ ಆತು? ದಿನಾ ನಾನಽ ಸೇದ್ತೀನಿ. ಯಾವಾಗ ಆತು?"

ಅಲ್ಲಿ ಬಗ್ಗಿ ಕೂತಿದ್ದ ಮನುಷ್ಯ ಮನೆಯವರೊಬ್ಬರನ್ನು ಕಳೆದುಕೊಂಡವನ ಹಾಗೆ ನೀರನ್ನೇ ನೋಡುತ್ತಿದ್ದ. ಬಾವಿ ತುಂಬಿ ತುಳುಕುತ್ತಿತ್ತು. ಆಮೇಲೆ ಎದ್ದ. ಟವೆಲಿನಿಂದ ಮುಖ ಒರೆಸಿದ. ಗಲ್ಲಾಪೆಟ್ಟಿಗೆಯ ಮೇಲಿನ ಖಣ ತೆಗೆದುಕೊಂಡು ಹೋಟೆಲು ಹಾಗೇ ಬಿಟ್ಟು ನಡೆದ. ಲಾರಿ ಡ್ರೈವರು ಹಿಂದೆ ಬಂದ, ಅವನ ಹಿಂದೆ ಮಿಕ್ಕ ಗಿರಾಕಿಗಳೂ ಬಂದರು. ಮಲ್ಲಮ್ಮನಿಗೆ ಅವಮಾನ ಆದದ್ದು ಅವರ ಮುಂದೆಯೇ ಆದ್ದರಿಂದ ಬಾರದಿರಿ ಎಂದು ಯಾರೂ ಹೇಳಲಿಲ್ಲ.

ಎಮ್ಮೆ ಅಂಗಳದಲ್ಲಿ ಹೊರಟು ನಿಂತಿತ್ತು, ಕೊಂಬಿಗೆ ಎಣ್ಣೆ ಹಚ್ಚಿದ್ದರು. ಮಲ್ಲಮ್ಮ ಗುಂಪು ನೋಡಿ ಹಗ್ಗ ಬಿಗಿಹಿಡಿದಳು. ಮತ್ತೇನು ಹೊರಿಸಲು ಬಂದರೋ ಎಂದುಕೊಂಡಿರಬೇಕು.

"ಮಲ್ಲಮ್ಮ" ಎಂದ ಶರಣಪ್ಪ. "ಬಾವಿ ಸವಳಾಗೈತವಾ. ಹಾಲು ಛಲೋ ಇದ್ವು. ನಂದ ತಪ್ಪು."

ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ಮಂದಿ ಮುಂದ ಬೈದಿದ್ದಿ."

"ಮಂದಿ ಮುಂದಽ ಹೇಳಾಕತ್ತೇನಿ. ನೋಡು, ಎಲ್ಲಾ ಕರಕೊಂಡು ಬಂದೀನಿ. ಎಮ್ಮಿ ಕಟ್ಟು."

"ಕಟ್ತೀನಿ ಬಿಡು" ಎಂದಳು. ಹಗ್ಗವನ್ನು ಗೂಟಕ್ಕೆ ಸುತ್ತಿ, "ಬಾವಿ... ಅಪ್ಪನ ಬಾವಿ ಹೋತೇನಣ್ಣ?" ಎಂದು ಕೇಳಿದಳು. ಆತ ಖಣವನ್ನು ಅವಳ ಕೈಗಿಟ್ಟ. ಅವಳ ಕಣ್ಣು ತುಂಬಿದ್ದು ಆಗ. ತನ್ನ ಹೆಸರಿಗಾಗಿ ಅತ್ತಿರದಿದ್ದವಳು ಬಾವಿಗಾಗಿ ಅತ್ತಳು.

ಮೈದುನ ಸಿಟ್ಟಿನಿಂದ ಕೈಯಲ್ಲಿದ್ದ ಕೋಲು ಬಿಸಾಡಿ ಹೋದ. "ಚಾ ಮಾಡ್ತೀನಿ, ಕುಂದರ್ರಿ ಎಲ್ಲಾರೂ" ಎಂದಳು ಮಲ್ಲಮ್ಮ. ದವಾಖಾನೆಯಿಂದ ಕಾಲುವೆ ನೀರು ತರಿಸಿದೆ. ಅಂಗಳದಲ್ಲಿ ಕೂತು ಕುಡಿದೆವು. ಶರಣಪ್ಪನ ದಮ್ಮಿಲ್ಲದ, ಕೆನೆಯಿಲ್ಲದ ಮನೆಯ ಚಹಾ. "ಸಪ್ಪಗೈತಿ" ಎಂದ ಡ್ರೈವರು. "ಬಾಯಿ ಮುಚ್ಚಿ ಕುಡಿ" ಎಂದ ಶರಣಪ್ಪ. ಮುಂದೆ ತಿಂಗಳುಗಟ್ಟಲೆ ಗಿರಾಕಿಗಳು ಅದನ್ನೇ ಹೇಳಿದರು. ಆತ ಪುಡಿ ಹೆಚ್ಚಿಸಿದ, ಶುಂಠಿ ಜಜ್ಜಿದ. ಚಹಾ ಚೆನ್ನಾಗಿಯೇ ಆಯಿತು. ಮೊದಲಿನದಾಗಲಿಲ್ಲ.

ಆ ಮಧ್ಯಾಹ್ನ ದವಾಖಾನೆಗೆ ಮರಳುವಾಗ ಹೋಟೆಲಿನ ಹಿಂದಿನಿಂದ ಹಾದೆ. ನಾಗರಕಲ್ಲಿನ ಮುಂದೆ ಮಲ್ಲಮ್ಮ ಒಬ್ಬಳೇ ಕೂತಿದ್ದಳು. ಹಬ್ಬ ಕಳೆದು ಒಂದು ದಿನವಾಗಿತ್ತು, ಸಾಲಿರಲಿಲ್ಲ. ಕೊಬ್ಬರಿ ಬಟ್ಟಲಿನಿಂದ ಒಂದೇ ಎರಕ ಎರೆದಳು. "ಅಣ್ಣನ ಪಾಲು" ಎಂದಳು, ಯಾರಿಗೂ ಕೇಳಿಸಬೇಕೆಂದಲ್ಲ. ಆಮೇಲೆ ಬಾವಿಯ ಕಡೆ ತಿರುಗಿ, ಉಳಿದ ಹಾಲನ್ನು ಅದರ ಕಟ್ಟೆಯ ಮೇಲೆ ಎರೆದಳು.

ನಾನು ನಿಲ್ಲಲಿಲ್ಲ. ಸೂಜಿ ಕುದಿಸುವ ಹೊತ್ತಾಗಿತ್ತು. ಪಾತ್ರೆಯ ಬಿಳಿ ಪೊರೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ತೆಗೆದೆ. ಕಾಲುವೆಯ ನೀರು ಸೋಸಿ ತುಂಬಿ, ಸಿರಿಂಜು ಸೂಜಿ ಇಟ್ಟು ಕುದಿಸಿದೆ. ಸಂಜೆಯ ಬಸ್ಸಿನ ಸದ್ದಾಯಿತು, ಕಿಟಕಿಗೆ ಹೋಗಲಿಲ್ಲ. ನೀರು ಬಸಿದು ತಳ ನೋಡಿದೆ. ಸ್ವಚ್ಛವಾಗಿತ್ತು. ಒರೆಸಿ, ಸೂಜಿಗಳನ್ನು ಡಬ್ಬಿಗೆ ಜೋಡಿಸಿ, ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟೆ.